ಹತ್ತಿ ಪ್ಯಾಡ್‌ಗೆ ಬದಲಿಸಿದರೂ ನಿಲ್ಲದ ಉರಿ: ಒಂದು ಪ್ರಕರಣ ಅಧ್ಯಯನ

ಮುಟ್ಟಿನ ಎರಡನೇ ದಿನ ಸಂಜೆಗೆ ಉರಿ ಶುರುವಾಗುತ್ತದೆ. ನಾಲ್ಕನೇ ದಿನ ನಡೆಯುವುದೇ ಕಷ್ಟ. ಸ್ರಾವ ನಿಂತ ಮೇಲೂ ಒಂದು ವಾರ ತುರಿಕೆ ಬಿಡುವುದಿಲ್ಲ. ಆಕೆಗೆ 27 ವರ್ಷ, ಎಂಟು ತಿಂಗಳಿಂದ ಇದೇ ಪಾಡು. ಅಷ್ಟರಲ್ಲಿ ಮೂರು ಬಗೆಯ ಪ್ಯಾಡ್ ಬದಲಿಸಿ ನೋಡಿದ್ದಾರೆ. ಕೊನೆಯದು ‘ಶೇ. 100 ಹತ್ತಿ’ ಎಂದು ಬರೆದಿದ್ದ ಪ್ಯಾಡ್. ಅದರಲ್ಲಿ ಉರಿ ಇನ್ನಷ್ಟು ಹೆಚ್ಚಿತು. ನಡುವೆ ಫಂಗಸ್ ಮುಲಾಮನ್ನು ತಾವೇ ಕೊಂಡು ಮೂರು ಸಲ ಹಚ್ಚಿದ್ದಾರೆ. ಪ್ರತಿ ಸಲವೂ ಎರಡು ದಿನ ತಗ್ಗಿದಂತಾಗಿ ಮತ್ತೆ ಕೆರಳಿದೆ.

ಚರ್ಮವೈದ್ಯರ ಮುಂದೆ ಮತ್ತೆ ಮತ್ತೆ ಬರುವ ದೂರುಗಳನ್ನು ಒಬ್ಬರ ಮೇಲೆ ಕೂಡಿಸಿ ಬರೆದ ಪ್ರಕರಣ ಇದು. ವ್ಯಕ್ತಿ ಬರೀ ಮಾದರಿ; ಲಕ್ಷಣ, ಪರೀಕ್ಷೆ, ಕಾರಣಗಳು ಮಾತ್ರ ನಿಜವಾಗಿ ಕಾಣುವಂಥವು. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಸೂಕ್ಷ್ಮ ಚರ್ಮ ಎಂದ ಕೂಡಲೇ ಎಲ್ಲರೂ ಕೊಡುವ ಸಲಹೆ ‘ಹತ್ತಿ ಪ್ಯಾಡ್ ಬಳಸಿ’. ಆ ಸಲಹೆ ಎಲ್ಲಿ ಕೈಕೊಡುತ್ತದೆ, ಏಕೆ ಕೈಕೊಡುತ್ತದೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಹಿನ್ನೆಲೆ

ಕೆಲಸದ ದಿನ ಆಕೆ ಒಂಬತ್ತು ಗಂಟೆ ಕುಳಿತೇ ಇರುತ್ತಾರೆ. ಪ್ಯಾಡ್ ಬದಲಿಸುವುದು ದಿನಕ್ಕೆ ಮೂರು ಸಲ: ಬೆಳಿಗ್ಗೆ ಹೊರಡುವಾಗ, ಸಂಜೆ ಮನೆಗೆ ಬಂದಾಗ, ಮಲಗುವಾಗ. ಅಂದರೆ ಒಂದೊಂದು ಪ್ಯಾಡ್ ಮೈಮೇಲೆ ಸರಾಸರಿ ಎಂಟು ಗಂಟೆ ಇರುತ್ತದೆ. ಸ್ರಾವ ಮಧ್ಯಮ, ಎರಡನೇ ದಿನ ಮಾತ್ರ ಜಾಸ್ತಿ. ಮಧುಮೇಹ ಇಲ್ಲ, ರಕ್ತದ ಸಕ್ಕರೆ ಪರೀಕ್ಷೆ ಸಹಜ. ಚಿಕ್ಕಂದಿನಲ್ಲಿ ಮೊಣಕೈ ಮಡಿಕೆಯಲ್ಲಿ ಎಸ್ಜಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ) ಇತ್ತು. ಇದು ಮುಖ್ಯವಾದ ಮಾಹಿತಿ. ಅಂಥವರ ಚರ್ಮದ ರಕ್ಷಣಾ ಪದರ ಮೊದಲೇ ಸಡಿಲ, ಬೇರೆಯವರು ತಡೆದುಕೊಳ್ಳುವ ತೇವ, ತಿಕ್ಕಾಟಗಳನ್ನು ಅದು ತಡೆಯುವುದಿಲ್ಲ.

ಮೊದಲ ಭೇಟಿಯಲ್ಲಿ ಆಕೆ ಪ್ಯಾಡ್ ಬಗ್ಗೆ ಮಾತ್ರ ಮಾತಾಡಿದರು. ಪ್ಯಾಡ್ ಬಿಟ್ಟು ಆ ಜಾಗಕ್ಕೆ ಇನ್ನೇನು ತಾಗುತ್ತದೆ ಎಂದು ಒಂದೊಂದಾಗಿ ಕೇಳಿದಾಗ ಪಟ್ಟಿ ಬೆಳೆಯಿತು. ಸುವಾಸನೆಯ ಇಂಟಿಮೇಟ್ ವಾಶ್, ದಿನಕ್ಕೆ ಎರಡು ಸಲ. ಮುಟ್ಟಿನ ದಿನಗಳಲ್ಲಿ ಮಾತ್ರ, ಪ್ರತಿ ಸಲ ಶೌಚಕ್ಕೆ ಹೋದಾಗಲೂ ವೆಟ್ ವೈಪ್ಸ್. ಮುಟ್ಟಿಗೆ ಒಂದೆರಡು ದಿನ ಮುಂಚೆ ಶೇವಿಂಗ್. ಉಳಿದ ದಿನಗಳಲ್ಲಿ ಪ್ಯಾಂಟಿ ಲೈನರ್ ಎಂಬ ತೆಳು ಪ್ಯಾಡ್. ಬಟ್ಟೆ ಒಗೆಯುವಾಗ ಕೊನೆಯಲ್ಲಿ ಫ್ಯಾಬ್ರಿಕ್ ಕಂಡೀಷನರ್. ಇವನ್ನು ಯಾರೂ ತಾವಾಗಿ ಹೇಳುವುದಿಲ್ಲ, ಏಕೆಂದರೆ ಇವೆಲ್ಲ ಸ್ವಚ್ಛತೆಯ ಲೆಕ್ಕಕ್ಕೆ ಸೇರಿದವು, ತೊಂದರೆಯ ಲೆಕ್ಕಕ್ಕಲ್ಲ. ಕೇಳುವವರು ಹೆಸರು ಹಿಡಿದೇ ಕೇಳಬೇಕು.

ಕೆಂಪು ಎಲ್ಲೆಲ್ಲಿದೆ ಎಂಬ ನಕ್ಷೆ

ಮುಟ್ಟಿಲ್ಲದ ದಿನ ಬಂದು ತೋರಿಸಿದರೆ ಅರ್ಧ ಸಾಕ್ಷ್ಯ ಕಳೆದುಹೋಗಿರುತ್ತದೆ. ಹಾಗಾಗಿ ಮುಂದಿನ ಮುಟ್ಟಿನ ನಾಲ್ಕನೇ ದಿನವೇ ಬರಲು ಹೇಳಲಾಯಿತು. ಪ್ಯಾಡ್ ಹಾಕಿಕೊಂಡೇ ಬನ್ನಿ, ದಿನವೂ ಬಳಸುವ ಒಳಚಡ್ಡಿಯಲ್ಲೇ ಬನ್ನಿ ಎಂದೂ ಹೇಳಲಾಯಿತು. ಆ ದಿನ ಕಂಡದ್ದು ಒಂದು ದದ್ದಲ್ಲ, ಮೂರು.

ಮೊದಲನೆಯದು ಯೋನಿಯ ಹೊರತುಟಿಗಳ ಉಬ್ಬಿದ ಭಾಗದ ಮೇಲೆ. ಹೊಳೆಯುವ ಕೆಂಪು, ಸ್ವಲ್ಪ ಊತ, ಮುಟ್ಟಿದರೆ ಉರಿ. ತೊಡೆಸಂದಿನ ಆಳದ ಮಡಿಕೆ ಮಾತ್ರ ಸ್ವಚ್ಛವಾಗಿತ್ತು. ಕ್ಯಾಂಡಿಡಾ ಎಂಬ ಫಂಗಸ್‌ನ ಸೋಂಕು ಹೆಚ್ಚಾಗಿ ಮಡಿಕೆಯ ಒಳಗೇ ನೆಲೆಯೂರುತ್ತದೆ, ಸುತ್ತ ಪುಟ್ಟ ಪುಟ್ಟ ಕೀವುಗುಳ್ಳೆಗಳು ಚೆದುರಿರುತ್ತವೆ. ಇಲ್ಲಿ ಪ್ಯಾಡ್ ತಾಗುವ ಉಬ್ಬು ಕೆಂಪಾಗಿದೆ, ತಾಗದ ಮಡಿಕೆ ಉಳಿದಿದೆ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೂ ಫಂಗಸ್ ಸಿಗಲಿಲ್ಲ. ಹಾಗಾದರೆ ಮುಲಾಮು ಎರಡು ದಿನ ಏಕೆ ಕೆಲಸ ಮಾಡಿತು? ಆಕೆ ತಂದಿದ್ದ ಟ್ಯೂಬಿನಲ್ಲಿ ಫಂಗಸ್ ಮದ್ದಿನ ಜೊತೆ ತೀಕ್ಷ್ಣ ಸ್ಟಿರಾಯ್ಡ್ ಇತ್ತು. ಸ್ಟಿರಾಯ್ಡ್ ಯಾವ ಕೆಂಪನ್ನಾದರೂ ತಾತ್ಕಾಲಿಕವಾಗಿ ಮುಚ್ಚಿಹಾಕುತ್ತದೆ. ಪದೇ ಪದೇ ಹಚ್ಚಿದರೆ ಈ ಭಾಗದ ಚರ್ಮ ತೆಳುವಾಗುತ್ತದೆ, ನಿಜವಾಗಿ ಫಂಗಸ್ ಇದ್ದರೆ ಅದು ಗುರುತು ಸಿಗದಂತೆ ವೇಷ ಬದಲಿಸುತ್ತದೆ.

ಎರಡನೆಯದು ಎರಡೂ ತೊಡೆಗಳ ಒಳಬದಿಯಲ್ಲಿ, ಒಂದಕ್ಕೊಂದು ಸರಿಯಾಗಿ ಎದುರಾದ ಎರಡು ಪಟ್ಟಿ. ಒಂದೊಂದೂ ಸುಮಾರು ಬೆರಳಗಲ, ಅಂಚು ನೇರ. ಮೈಯಲ್ಲಿ ತಾನಾಗಿ ಹುಟ್ಟುವ ರೋಗ ಗೆರೆ ಎಳೆದಂತೆ ನೇರವಾಗಿ ಬರುವುದು ಅಪರೂಪ; ನೇರ ಅಂಚು ಕಂಡರೆ ಹೊರಗಿನ ವಸ್ತುವನ್ನು ಹುಡುಕಬೇಕು. ಪ್ಯಾಡ್‌ನ ವಿಂಗ್ಸ್ ಒಳಚಡ್ಡಿಯ ಅಂಚನ್ನು ಸುತ್ತಿ ಹಿಂದಕ್ಕೆ ಮಡಚಿಕೊಳ್ಳುವ ಜಾಗ ಅದೇ.

ಮೂರನೆಯದು ಗುದದ್ವಾರದ ಸುತ್ತ. ಇಲ್ಲಿ ಉರಿಗಿಂತ ತುರಿಕೆ ಹೆಚ್ಚು, ಚರ್ಮ ದಪ್ಪಗಾಗಿ ಸಣ್ಣ ಬಿರುಕು ಬಿಟ್ಟಿತ್ತು. ಪ್ಯಾಡ್ ಅಷ್ಟು ಹಿಂದಕ್ಕೆ ತಲುಪುತ್ತಿರಲಿಲ್ಲ. ಕೂತಾಗ ಪ್ಯಾಡ್‌ನ ತುದಿ ಎಲ್ಲಿಗೆ ಬರುತ್ತದೆ ಎಂದು ನೋಡಿದಾಗ ಕೆಂಪಿನ ಬಹುಭಾಗ ಅದರಾಚೆ ಇತ್ತು. ಪ್ಯಾಡ್ ತಾಗದ ಜಾಗದಲ್ಲಿ ಆದ ದದ್ದಿಗೆ ಪ್ಯಾಡ್ ಹೊಣೆಯಲ್ಲ. ಇಡೀ ಪ್ರಕರಣ ತಿರುಗಿದ್ದು ಈ ಗಮನಿಕೆಯಿಂದ.

ಸಮಯದ ಲೆಕ್ಕವೂ ಇದಕ್ಕೆ ಹೊಂದುತ್ತಿತ್ತು. ಕೆರಳಿಕೆಯಿಂದ ಬರುವ ಉರಿ ವಸ್ತು ಮೈಮೇಲಿರುವಾಗಲೇ ಶುರುವಾಗುತ್ತದೆ, ತೆಗೆದರೆ ತಗ್ಗತೊಡಗುತ್ತದೆ. ಅಲರ್ಜಿ ತಡವಾಗಿ ಬರುತ್ತದೆ. ಒಮ್ಮೆ ಅಲರ್ಜಿ ಅಂಟಿಕೊಂಡವರಲ್ಲಿ ಆ ವಸ್ತು ತಾಗಿದ ಒಂದರಿಂದ ಮೂರು ದಿನಕ್ಕೆ ತುರಿಕೆ ಏರುತ್ತದೆ, ವಸ್ತು ಬಿಟ್ಟ ಮೇಲೂ ವಾರಗಟ್ಟಲೆ ಎಳೆಯಬಹುದು. ಆಕೆಗೆ ಮುಂಭಾಗದ ಉರಿ ಎರಡನೇ ದಿನವೇ ಬರುತ್ತಿತ್ತು, ಸ್ರಾವ ನಿಂತ ಎರಡು ಮೂರು ದಿನಕ್ಕೆ ಇಳಿಯುತ್ತಿತ್ತು. ಮುಟ್ಟು ಮುಗಿದ ಮೇಲೂ ಕಾಡುತ್ತಿದ್ದದ್ದು ಹಿಂಭಾಗದ ತುರಿಕೆ.

ಪ್ಯಾಚ್ ಟೆಸ್ಟ್

ಸ್ರಾವ ನಿಂತು ಒಂದು ವಾರ ಕಳೆದ ಮೇಲೆ ಬೆನ್ನಿನ ಮೇಲೆ ಪ್ಯಾಚ್ ಟೆಸ್ಟ್, ಅಂದರೆ ಬೇರೆ ಬೇರೆ ವಸ್ತುಗಳನ್ನು ಚರ್ಮಕ್ಕೆ ಅಂಟಿಸಿ ಯಾವುದಕ್ಕೆ ಅಲರ್ಜಿ ಎಂದು ನೋಡುವ ಪರೀಕ್ಷೆ, ಮಾಡಲಾಯಿತು. ಸಾಮಾನ್ಯ ಅಲರ್ಜಿಕಾರಕಗಳ ಸರಣಿಯ ಜೊತೆಗೆ ಆಕೆ ಬಳಸುತ್ತಿದ್ದ ಪ್ಯಾಡ್‌ನ ತುಂಡುಗಳನ್ನೂ ಇಡಲಾಯಿತು. ಮೇಲ್ಪದರದ ಒಂದು ತುಂಡು, ನೀರಿನಲ್ಲಿ ಒದ್ದೆ ಮಾಡಿದ್ದು. ಕೆಳಗಿನ ಅಂಟಿನ ಒಂದು ತುಂಡು, ವಿಂಗ್ಸ್ ಅಂಟಿನ ಒಂದು ತುಂಡು. ಇಡೀ ಪ್ಯಾಡ್ ಕತ್ತರಿಸಿ ಒಂದೇ ತುಂಡಾಗಿ ಅಂಟಿಸಿದರೆ ಯಾವ ಪದರ ತಪ್ಪಿತಸ್ಥ ಎಂದು ತಿಳಿಯುವುದೇ ಇಲ್ಲ. ಪಟ್ಟಿಗಳನ್ನು 48 ಗಂಟೆಗೆ ತೆಗೆದು ಒಮ್ಮೆ ನೋಡಿ, 96 ಗಂಟೆಗೆ ಮತ್ತೊಮ್ಮೆ ನೋಡಬೇಕು. ಎರಡನೇ ಓದು ತಪ್ಪಿಸಿದರೆ ನಿಧಾನವಾಗಿ ಏಳುವ ಅಲರ್ಜಿ ಕೈತಪ್ಪುತ್ತದೆ.

ಫಲಿತಾಂಶ: ಸುಗಂಧ ಮಿಶ್ರಣಕ್ಕೆ ಪ್ರತಿಕ್ರಿಯೆ ಇಲ್ಲ. ಅಂಟುಗಳಲ್ಲಿ ಬಳಕೆಯಾಗುವ ಕೊಲೊಫೋನಿ ಎಂಬ ಮರದ ರಾಳಕ್ಕೆ ಇಲ್ಲ. ಪ್ಯಾಡ್‌ನ ಮೂರೂ ತುಂಡುಗಳಿಗೆ ಇಲ್ಲ. ಮೀಥೈಲ್‌ಐಸೋಥಯಾಜೋಲಿನೋನ್ ಇದ್ದ ಜಾಗ ಮಾತ್ರ 96 ಗಂಟೆಗೆ ಕೆಂಪಗೆ ಉಬ್ಬಿ, ಸಣ್ಣ ನೀರುಗುಳ್ಳೆ ಎದ್ದಿತ್ತು.

ನೀರಿನಂಶ ಇರುವ ವಸ್ತುಗಳು ಕೆಡದಂತೆ ಹಾಕುವ ಸಂರಕ್ಷಕ ಇದು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಇದನ್ನು ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತ್ತು. ಆಕೆಯ ವೆಟ್ ವೈಪ್ಸ್ ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಇದರ ಹೆಸರಿತ್ತು. ಇಂಟಿಮೇಟ್ ವಾಶ್‌ನಲ್ಲೂ ಇತ್ತು, ಶ್ಯಾಂಪೂವಿನಲ್ಲೂ ಇತ್ತು. ಶ್ಯಾಂಪೂ ತಲೆಗಲ್ಲವೇ ಎನ್ನಬಹುದು. ನಿಂತು ತಲೆ ತೊಳೆದಾಗ ನೊರೆ ಹರಿಯುವುದು ಬೆನ್ನು, ಪೃಷ್ಠದ ಸಂದು, ತೊಡೆಸಂದುಗಳ ಮೂಲಕವೇ. ವೈಪ್ಸ್ ಹೆಚ್ಚು ಅಪಾಯಕಾರಿ, ಏಕೆಂದರೆ ಒರೆಸಿದ ಮೇಲೆ ಯಾರೂ ನೀರಿನಿಂದ ತೊಳೆಯುವುದಿಲ್ಲ. ಸಂರಕ್ಷಕ ಚರ್ಮದ ಮೇಲೆಯೇ ಉಳಿಯುತ್ತದೆ, ಮೇಲೆ ಪ್ಯಾಡ್ ಮುಚ್ಚಿಕೊಂಡು ಅದನ್ನು ಒಳಗೆ ಒತ್ತಿಹಿಡಿಯುತ್ತದೆ.

ಪ್ಯಾಡ್‌ಗೆ ಅಲರ್ಜಿ ಇಲ್ಲ ಎಂದ ಮಾತ್ರಕ್ಕೆ ಪ್ಯಾಡ್ ನಿರ್ದೋಷಿ ಎಂದಾಗುವುದಿಲ್ಲ. ಬೆನ್ನಿನ ಒಣ ಚರ್ಮದ ಮೇಲೆ ಅಲುಗದೆ ಕೂತ ತುಂಡು, ಒದ್ದೆಯಾಗಿ ದಿನವಿಡೀ ತಿಕ್ಕುವ ಪ್ಯಾಡ್‌ಗೆ ಸಮವಲ್ಲ. ಪ್ಯಾಚ್ ಟೆಸ್ಟ್ ಅಲರ್ಜಿಯನ್ನು ಹಿಡಿಯುತ್ತದೆ, ತೇವ ಮತ್ತು ತಿಕ್ಕಾಟದ ಕೆರಳಿಕೆಯನ್ನು ಹಿಡಿಯುವುದಿಲ್ಲ. ಮುಂಭಾಗದ ಉರಿಗೂ ತೊಡೆಯ ಪಟ್ಟಿಗಳಿಗೂ ಉತ್ತರ ಇನ್ನೂ ಬಾಕಿಯಿತ್ತು.

ಪ್ಯಾಡ್ ಬಿಚ್ಚಿ ನೋಡಿದರೆ

ಆಕೆ ಬಳಸಿದ್ದ ಮೂರೂ ಬಗೆಯ ಪ್ಯಾಡ್‌ಗಳನ್ನು ಕತ್ತರಿಸಿ ಪದರ ಪದರವಾಗಿ ಬಿಡಿಸಿ ನೋಡಲಾಯಿತು. ಯಾವ ಪ್ಯಾಡ್ ಆದರೂ ಮೂಲ ಕಟ್ಟಡ ಒಂದೇ: ಚರ್ಮಕ್ಕೆ ತಾಗುವ ಮೇಲ್ಪದರ, ದ್ರವವನ್ನು ಉದ್ದಕ್ಕೂ ಹರಡುವ ತೆಳು ಪದರ, ಹೀರಿ ಹಿಡಿಯುವ ಒಡಲು, ಸೋರದಂತೆ ತಡೆಯುವ ಪ್ಲಾಸ್ಟಿಕ್ ತಳ, ಅದರಡಿಗೆ ಅಂಟು.

ಮೊದಲನೆಯ ಪ್ಯಾಡ್‌ನ ಮೇಲ್ಪದರ ತೂತುಗಳಿರುವ ಪಾಲಿಥೀನ್ ಹಾಳೆ. ಜಾಲರಿ ಪ್ಯಾಡ್ ಎನ್ನುವುದು ಇದಕ್ಕೇ. ಒಡಲಿನಲ್ಲಿ ಮರದ ತಿರುಳಿನ ನಾರು, ಅದರ ನಡುವೆ ಹೀರುವ ಜೆಲ್ ಕಣಗಳು, ಅಂದರೆ ಸೋಡಿಯಂ ಪಾಲಿಅಕ್ರಿಲೇಟ್. ಎರಡನೆಯದು ಮೃದುವಾದ ನೇಯ್ಗೆರಹಿತ ಪಾಲಿಪ್ರೊಪಿಲೀನ್ ಬಟ್ಟೆಯದು, ಜೊತೆಗೆ ಸುಗಂಧ. ಮೂರನೆಯದು ಹತ್ತಿಯದು: ಮೇಲ್ಪದರವೂ ಹತ್ತಿ, ಒಡಲೂ ಹತ್ತಿ, ಜೆಲ್ ಇಲ್ಲವೇ ಇಲ್ಲ.

ಜಾಲರಿ ಹಾಳೆ ದ್ರವವನ್ನು ಕೆಳಗಿಳಿಸಿ ಮತ್ತೆ ಮೇಲೆ ಬರಲು ಬಿಡುವುದಿಲ್ಲ, ಹಾಗಾಗಿ ಮೇಲ್ಮೈ ಒಣಗಿರುತ್ತದೆ. ಆದರೆ ಬೆವರನ್ನು ಅದು ಹೀರುವುದಿಲ್ಲ. ಕೂತಲ್ಲಿ ಒತ್ತಡ ಬೀಳುವ ಕಡೆ ತೂತಿನ ಅಂಚುಗಳು ಚರ್ಮವನ್ನು ತೀಡುತ್ತವೆ. ಹತ್ತಿ ಮುಟ್ಟಲು ಮೃದು, ಬೆವರನ್ನೂ ಹೀರುತ್ತದೆ. ಹೀರಿದ್ದನ್ನು ತನ್ನಲ್ಲೇ, ಅಂದರೆ ಚರ್ಮದ ಪಕ್ಕದಲ್ಲೇ ಇಟ್ಟುಕೊಳ್ಳುತ್ತದೆ ಎಂಬುದು ಅದರ ಇನ್ನೊಂದು ಗುಣ. ಕೆಳಗೆ ಎಳೆದುಕೊಳ್ಳುವ ಜೆಲ್ ಇಲ್ಲದಿದ್ದರೆ, ಎಂಟು ಗಂಟೆ ಕೂತವರ ಹೊರತುಟಿಗಳು ಎಂಟು ಗಂಟೆ ಒದ್ದೆಯಲ್ಲೇ ಇರುತ್ತವೆ. ಒದ್ದೆ ಚರ್ಮದ ತಿಕ್ಕಾಟ ಒಣ ಚರ್ಮದ್ದಕ್ಕಿಂತ ಹೆಚ್ಚು. ನೆನೆದು ಮೆತ್ತಗಾದ ಚರ್ಮ ಬೇಗ ಸುಲಿಯುತ್ತದೆ, ಹೊರಗಿನ ವಸ್ತುಗಳನ್ನು ಸುಲಭವಾಗಿ ಒಳಬಿಟ್ಟುಕೊಳ್ಳುತ್ತದೆ. ಹತ್ತಿಗೆ ಬದಲಿಸಿದ ತಿಂಗಳಲ್ಲೇ ಉರಿ ಏಕೆ ಹೆಚ್ಚಿತು ಎಂಬುದಕ್ಕೆ ಇದೇ ಉತ್ತರ.

ಇದು ಊಹೆಯೋ ನಿಜವೋ ಎಂದು ಮನೆಯಲ್ಲೇ ತಿಳಿಯಲು ಒಂದು ಪರೀಕ್ಷೆ ಇದೆ. ಒಂದೇ ಅಳತೆಯ ಪ್ಯಾಡ್‌ಗಳನ್ನು ಹೋಲಿಸುವಾಗ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

250 ಮಿ.ಲೀ. ನೀರಿಗೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು, ಅಂದರೆ ಸುಮಾರು 2.25 ಗ್ರಾಂ ಹಾಕಿ ಕರಗಿಸಿ. ಉಪ್ಪು ಬಿಡಬೇಡಿ. ಜೆಲ್ ಕಣಗಳು ಬರೀ ನೀರನ್ನು ತಮ್ಮ ತೂಕದ ನೂರಾರು ಪಟ್ಟು ಹೀರಬಲ್ಲವು. ರಕ್ತದಷ್ಟು ಉಪ್ಪಿರುವ ದ್ರವದಲ್ಲಿ ಆ ಶಕ್ತಿ ಬಹಳಷ್ಟು ಕುಗ್ಗುತ್ತದೆ. ಬರೀ ನೀರು ಸುರಿದು ತೋರಿಸುವ ಪ್ರದರ್ಶನಗಳು ಮೋಸ ಹೋಗಿಸುವುದು ಇಲ್ಲಿಯೇ. ಸೂಜಿ ಇಲ್ಲದ ಸಿರಿಂಜಿನಿಂದ ಪ್ಯಾಡ್‌ನ ನಡುವೆ 5 ಮಿ.ಲೀ. ನಿಧಾನವಾಗಿ ಬಿಡಿ. ಹತ್ತು ನಿಮಿಷ ಬಿಟ್ಟು ಇನ್ನೊಂದು 5 ಮಿ.ಲೀ. ಮತ್ತೆ ಹತ್ತು ನಿಮಿಷ. ಆಮೇಲೆ ಟಿಶ್ಯೂ ಕಾಗದವನ್ನು ಎಂಟು ಪದರವಾಗಿ ಮಡಚಿ ಮೇಲಿಟ್ಟು, ಒಂದು ಲೀಟರ್ ನೀರು ತುಂಬಿದ ಬಾಟಲಿಯನ್ನು ಒಂದು ನಿಮಿಷ ಅದರ ಮೇಲೆ ನಿಲ್ಲಿಸಿ. ಬಾಟಲಿ ತೆಗೆದು ಎಷ್ಟು ಪದರ ಒದ್ದೆಯಾಗಿದೆ ಎಂದು ಎಣಿಸಿ. ಕೂತಾಗ ಚರ್ಮಕ್ಕೆ ವಾಪಸ್ ಬರುವ ತೇವದ ಅಂದಾಜು ಇದು.

ಆಕೆಯ ಜಾಲರಿ ಪ್ಯಾಡ್‌ನಲ್ಲಿ ಮೊದಲ ಪದರಕ್ಕೆ ಚುಕ್ಕೆಗಳು ಮಾತ್ರ ಬಿದ್ದವು. ಪೂರ್ತಿ ಹತ್ತಿಯದರಲ್ಲಿ ಆರು ಪದರ ತೊಯ್ದಿತ್ತು. ನಾಲ್ಕನೆಯದಾಗಿ ಪರೀಕ್ಷೆಗೆ ತಂದ ಪ್ಯಾಡ್ ಮೇಲ್ಪದರ ಹತ್ತಿ, ಒಡಲಿನಲ್ಲಿ ತಿರುಳು ಮತ್ತು ಜೆಲ್ ಇದ್ದದ್ದು; ಅದರಲ್ಲಿ ಎರಡು ಪದರ. ಮುಟ್ಟಿನ ಸ್ರಾವ ಉಪ್ಪುನೀರಿಗಿಂತ ಮಂದ, ಅದರಲ್ಲಿ ರಕ್ತಕಣಗಳೂ ಲೋಳೆಯೂ ಗರಣೆಯೂ ಇರುತ್ತವೆ. ಆದ್ದರಿಂದ ಈ ಸಂಖ್ಯೆಯನ್ನು ಪ್ಯಾಡ್‌ಗಳನ್ನು ಪರಸ್ಪರ ಹೋಲಿಸಲು ಮಾತ್ರ ಬಳಸಬೇಕು, ಎಷ್ಟು ಗಂಟೆ ಬಾಳಿಕೆ ಬರುತ್ತದೆ ಎಂದು ಲೆಕ್ಕ ಹಾಕಲು ಅಲ್ಲ.

ವಿಂಗ್ಸ್ ಮತ್ತು ಒಳಚಡ್ಡಿಯ ಅಳತೆ

ತೊಡೆಯ ಪಟ್ಟಿಗಳ ಗುಟ್ಟು ಒಂದು ಸ್ಕೇಲಿನಲ್ಲಿ ಬಯಲಾಯಿತು. ಆಕೆಯ ಒಳಚಡ್ಡಿಯ ನಡುಪಟ್ಟಿ ಅತಿ ಕಿರಿದಾದ ಕಡೆ 5.5 ಸೆಂ.ಮೀ. ಅದೇ ಜಾಗದಲ್ಲಿ ಪ್ಯಾಡ್‌ನ ಅಗಲ, ವಿಂಗ್ಸ್ ಬಿಟ್ಟು, 7.5 ಸೆಂ.ಮೀ. ಎರಡೂ ಬದಿಗೆ ಒಂದೊಂದು ಸೆಂ.ಮೀ. ಬಟ್ಟೆಯ ಆಸರೆಯಿಲ್ಲದೆ ಹೊರಚಾಚಿ, ಅಲ್ಲಿಂದ ವಿಂಗ್ಸ್ ಮಡಚಿಕೊಳ್ಳುತ್ತಿತ್ತು. ಪ್ಯಾಡ್‌ನ ಅಂಚು ಎಂದರೆ ಮೇಲ್ಪದರವನ್ನೂ ತಳವನ್ನೂ ಶಾಖ ಕೊಟ್ಟು ಬೆಸೆದ ಜಾಗ, ಇಡೀ ಪ್ಯಾಡ್‌ನಲ್ಲಿ ಅತ್ಯಂತ ಗಡುಸಾದ ಭಾಗ. ನಡೆಯುವಾಗ ಹೆಜ್ಜೆ ಹೆಜ್ಜೆಗೂ ಅದು ತೊಡೆಗೆ ತೀಡುತ್ತದೆ. ಒಂದು ಬದಿಯ ವಿಂಗ್ ಮೂಲೆ ಬಿಟ್ಟುಕೊಂಡು ಅಂಟಿನ ಮುಖ ಹೊರಗೆ ಕಾಣುತ್ತಿತ್ತು. ಅಂಟಿನ ತುಂಡಿಗೆ ಪ್ಯಾಚ್ ಟೆಸ್ಟ್‌ನಲ್ಲಿ ಪ್ರತಿಕ್ರಿಯೆ ಬಾರದ ಕಾರಣ ತಿಕ್ಕಾಟವನ್ನೇ ಕಾರಣವೆಂದು ತೆಗೆದುಕೊಳ್ಳಲಾಯಿತು. ಶೇವ್ ಮಾಡಿದ ಚರ್ಮದ ಸೂಕ್ಷ್ಮ ಗೀರುಗಳು ಇದಕ್ಕೆ ಇನ್ನಷ್ಟು ದಾರಿ ಮಾಡಿಕೊಟ್ಟಿದ್ದವು.

ಪ್ಯಾಡ್ ಕೊಳ್ಳುವ ಮುನ್ನ ಒಳಚಡ್ಡಿಯ ನಡುಪಟ್ಟಿ ಅಳೆದವರು ಅಪರೂಪ. ನಮ್ಮ ದೃಷ್ಟಿಯಲ್ಲಿ ಸೂಕ್ಷ್ಮ ಚರ್ಮದವರು ಪೊಟ್ಟಣದ ಮೇಲಿನ ಯಾವ ಘೋಷಣೆಗಿಂತಲೂ ಮೊದಲು ನೋಡಬೇಕಾದದ್ದು ಈ ಅಳತೆ.

ಮೂರು ಋತುಚಕ್ರ, ಸಲಕ್ಕೊಂದೇ ಬದಲಾವಣೆ

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗುಣ ಬೇಗ ಕಾಣಬಹುದು, ಆದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ. ಮುಂದೆ ಆಕೆ ಭಯದಿಂದ ಎಲ್ಲವನ್ನೂ ಬಿಟ್ಟೇ ಬದುಕಬೇಕಾಗುತ್ತದೆ. ಆದ್ದರಿಂದ ಚಕ್ರಕ್ಕೊಂದು ಬದಲಾವಣೆ, ಅಂದರೆ ಒಂದೊಂದು ಚಕ್ರದಲ್ಲಿ ಒಂದೊಂದು ದದ್ದಿಗೆ ಸಂಬಂಧಿಸಿದ್ದನ್ನು ಬದಲಿಸುವುದು ಎಂದು ನಿಗದಿಯಾಯಿತು.

ಅದಕ್ಕೆ ಮುಂಚೆ ಕೆರಳಿದ ಚರ್ಮವನ್ನು ತಣಿಸಬೇಕಿತ್ತು. ವೈದ್ಯರು ಶೇ. 1ರ ಹೈಡ್ರೋಕಾರ್ಟಿಸೋನ್ ಎಂಬ ಸೌಮ್ಯ ಸ್ಟಿರಾಯ್ಡ್ ಮುಲಾಮನ್ನು ರಾತ್ರಿ ಒಂದು ಸಲ, ಹತ್ತು ದಿನಕ್ಕೆ ಕೊಟ್ಟರು. ಕ್ರೀಮ್ ಬದಲು ಎಣ್ಣೆಯಾಧಾರಿತ ಮುಲಾಮು ಕೊಟ್ಟದ್ದಕ್ಕೆ ಕಾರಣವಿದೆ: ಕ್ರೀಮಿನಲ್ಲಿ ನೀರಿರುತ್ತದೆ, ನೀರಿದ್ದಲ್ಲಿ ಸಂರಕ್ಷಕ ಬೇಕಾಗುತ್ತದೆ, ಒಡೆದ ಚರ್ಮದ ಮೇಲೆ ಕ್ರೀಮ್ ಉರಿಯುತ್ತದೆ ಕೂಡ. ಹಳೆಯ ಮಿಶ್ರ ಮುಲಾಮು ಪೂರ್ತಿ ಬಂದ್. ಲೈನರ್ ಮತ್ತು ಶೇವಿಂಗ್ ಕೂಡ ಬಂದ್. ಕೂದಲು ತೊಂದರೆ ಎನಿಸಿದರೆ ಕತ್ತರಿಯಲ್ಲಿ ಗಿಡ್ಡ ಮಾಡಿಕೊಂಡರೆ ಸಾಕು.

ಮೊದಲ ಚಕ್ರದಲ್ಲಿ ವೈಪ್ಸ್ ಮತ್ತು ವಾಶ್ ಎರಡನ್ನೂ ಬಿಡಲಾಯಿತು, ಶ್ಯಾಂಪೂ ಬದಲಾಯಿತು, ತಲೆಯನ್ನು ಮುಂದಕ್ಕೆ ಬಾಗಿ ತೊಳೆಯುವುದು ರೂಢಿಯಾಯಿತು. ಎಲ್ಲದರಲ್ಲೂ ಇದ್ದದ್ದು ಒಂದೇ ಸಂರಕ್ಷಕವಾದ್ದರಿಂದ ಇದನ್ನು ಒಂದೇ ಬದಲಾವಣೆ ಎಂದು ಲೆಕ್ಕ ಹಿಡಿಯಲಾಯಿತು. ಶೌಚದಲ್ಲಿ ನೀರು, ಆಮೇಲೆ ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸುವುದು, ಉಜ್ಜುವುದಲ್ಲ. ಹೊರಗಡೆಗೆ ಒಂದು ಸಣ್ಣ ಸ್ಪ್ರೇ ಬಾಟಲಿಯಲ್ಲಿ ಬರೀ ನೀರು, ಟಿಶ್ಯೂ. ಯೋನಿಯ ಒಳಭಾಗಕ್ಕೆ ಯಾವ ವಾಶ್‌ನ ಅಗತ್ಯವೂ ಇಲ್ಲ, ಅದು ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ. ಪ್ಯಾಡ್ ಮಾತ್ರ ಹಳೆಯದ್ದೇ. ಹಿಂಭಾಗದ ತುರಿಕೆ ಈ ಚಕ್ರದಲ್ಲಿ ಬರಲೇ ಇಲ್ಲ. ಮುಂಭಾಗದ ಉರಿ, ತೊಡೆಯ ಪಟ್ಟಿ ಎರಡೂ ಬಂದವು, ಸ್ವಲ್ಪ ಸೌಮ್ಯವಾಗಿ.

ಎರಡನೇ ಚಕ್ರದಲ್ಲಿ ಪ್ಯಾಡ್ ಬದಲಾಯಿತು: ಹತ್ತಿ ಮೇಲ್ಪದರ, ಜೆಲ್ ಇರುವ ಒಡಲು, ಸುಗಂಧವಿಲ್ಲದ್ದು. ಜೊತೆಗೆ ಹಗಲಿನಲ್ಲಿ ನಾಲ್ಕು ಗಂಟೆಗೊಮ್ಮೆ ಬದಲಿಸುವ ಕಟ್ಟುನಿಟ್ಟು. ಪ್ಯಾಡ್ ತುಂಬಿದೆಯೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಇಡೀ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿ.ಲೀ.; 80 ಮಿ.ಲೀ. ಮೀರಿದರೆ ಅತಿಸ್ರಾವ ಎನ್ನುತ್ತಾರೆ. ಸ್ರಾವದಲ್ಲಿ ರಕ್ತವಲ್ಲದ ದ್ರವವೂ ಸೇರುತ್ತದೆ ನಿಜ, ಆದರೂ ಹೆಚ್ಚಿನ ದಿನ ಹೆಚ್ಚಿನವರ ಪ್ಯಾಡ್ ತುಂಬುವುದಿಲ್ಲ. ಅದು ತುಂಬಲಿ ಎಂದು ಕಾಯುವುದರಿಂದಲೇ ಗಂಟೆಗಳು ಉರುಳುತ್ತವೆ. ಹಾಗಾಗಿ ಆಕೆಗೆ ಉದ್ದನೆಯ, ಅತಿ ಹೀರಿಕೆಯ ಪ್ಯಾಡ್ ಬಿಡಿಸಿ ಹಗಲಿಗೆ ಸಾಧಾರಣ ಅಳತೆಯದನ್ನೇ ಕೊಡಲಾಯಿತು. ಸಣ್ಣ ಪ್ಯಾಡ್ ಇದ್ದರೆ ಬದಲಿಸುವುದು ತಾನಾಗಿ ನೆನಪಾಗುತ್ತದೆ.

ಈ ಚಕ್ರದಲ್ಲಿ ಒಂದು ಎಡವಟ್ಟೂ ಆಯಿತು. ಚರ್ಮದ ರಕ್ಷಣೆಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಲು ಹೇಳಿದ್ದನ್ನು ಆಕೆ ಧಾರಾಳವಾಗಿ ಹಚ್ಚಿದರು. ಮೊದಲ ದಿನವೇ ಪ್ಯಾಡ್ ಸೋರಿತು. ಜೆಲ್ಲಿ ಮೇಲ್ಪದರಕ್ಕೆ ಮೆತ್ತಿಕೊಂಡರೆ ದ್ರವ ಒಳಗಿಳಿಯದೆ ಮೇಲೆಯೇ ಜಾರಿ ಅಂಚಿಗೆ ಹರಿಯುತ್ತದೆ. ಸರಿಯಾದ ಪ್ರಮಾಣ ಒಂದು ಬಟಾಣಿ ಕಾಳಿನಷ್ಟು. ಎರಡೂ ಹೊರತುಟಿಗಳಿಗೂ ತೊಡೆಸಂದಿಗೂ ಸೇರಿ ಅಷ್ಟೇ. ಬೆರಳಿನಲ್ಲಿ ತೀಡಿ, ಹೊಳಪು ಮಾತ್ರ ಉಳಿಯಬೇಕು, ಬಿಳಿ ಪದರ ಕಾಣಬಾರದು. ಯೋನಿದ್ವಾರದ ನೇರಕ್ಕೆ ಹಚ್ಚುವುದು ಬೇಡ. ಪೌಡರ್ ಅಂತೂ ಬೇಡವೇ ಬೇಡ, ಒದ್ದೆಯಲ್ಲಿ ಅದು ಉಂಡೆ ಕಟ್ಟಿ ಇನ್ನಷ್ಟು ತೀಡುತ್ತದೆ.

ಮುಂಭಾಗದ ಉರಿ ಈ ಚಕ್ರದಲ್ಲಿ ಮೂರನೇ ದಿನ ಸ್ವಲ್ಪ ಕಂಡು ಐದನೇ ದಿನಕ್ಕೆ ಹೋಯಿತು. ತೊಡೆಯ ಪಟ್ಟಿಗಳು ಮಾತ್ರ ಹಾಗೆಯೇ ಇದ್ದವು, ಏಕೆಂದರೆ ಹೊಸ ಪ್ಯಾಡ್‌ನ ಅಗಲವೂ ಹಳೆಯದರಷ್ಟೇ.

ಮೂರನೇ ಚಕ್ರಕ್ಕೆ ಒಳಚಡ್ಡಿ ಬದಲಾಯಿತು, ಕೊನೆಯ ಎರಡು ದಿನ ಬಿಟ್ಟರೆ ಪ್ಯಾಡ್ ಬದಲಾಗಲಿಲ್ಲ. ನಡುಪಟ್ಟಿ 7.5 ಸೆಂ.ಮೀ. ಇರುವ, ಬಿಗಿಯಿಲ್ಲದ ಹತ್ತಿಯ ಒಳಚಡ್ಡಿ. ಒಗೆಯುವಾಗ ಕಂಡೀಷನರ್ ಇಲ್ಲ. ಪ್ಯಾಡ್ ಈಗ ಬಟ್ಟೆಯ ಮೇಲೆ ಪೂರ್ತಿ ಕೂತಿತು, ವಿಂಗ್ಸ್ ಅಂಚಿನಲ್ಲಿ ಒಂದೇ ಮಡಿಕೆಯಾಗಿ ತಳಕ್ಕೆ ಅಂಟಿತು. ಸ್ರಾವ ಕಡಿಮೆಯಿರುವ ಕೊನೆಯ ಎರಡು ದಿನಕ್ಕೆ ವಿಂಗ್ಸ್ ಇಲ್ಲದ ತೆಳು ಪ್ಯಾಡ್. ಪಟ್ಟಿಗಳು ಬರಲಿಲ್ಲ.

ಪೊಟ್ಟಣದ ಮೇಲಿನ ಮಾತುಗಳು

ಆಕೆ ಕೇಳಿದ ಪ್ರಶ್ನೆ ಎಲ್ಲರದ್ದೂ ಆಗಿರುತ್ತದೆ: ಇನ್ನು ಮುಂದೆ ಕೊಳ್ಳುವಾಗ ಏನು ನೋಡಬೇಕು?

‘ಹೈಪೋಅಲರ್ಜೆನಿಕ್’ ಎಂಬುದಕ್ಕೆ ಎಲ್ಲೆಡೆ ಒಪ್ಪಿತವಾದ ಒಂದೇ ಅಳತೆಗೋಲಿಲ್ಲ. ‘ಚರ್ಮತಜ್ಞರಿಂದ ಪರೀಕ್ಷಿತ’ ಎಂದರೆ ಪರೀಕ್ಷೆ ನಡೆದಿದೆ ಎಂದಷ್ಟೇ ಅರ್ಥ; ಎಷ್ಟು ಜನರ ಮೇಲೆ, ಮೈಯ ಯಾವ ಭಾಗದಲ್ಲಿ, ಎಷ್ಟು ಹೊತ್ತು ಎಂಬುದು ಆ ಮಾತಿನಲ್ಲಿಲ್ಲ. ‘ವಾಸನೆರಹಿತ’ ಮತ್ತು ‘ಸುಗಂಧ ಸೇರಿಸಿಲ್ಲ’ ಎರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ವಾಸನೆ ಮುಚ್ಚುವ ವಸ್ತು ಇರಬಹುದು. ಪುದೀನ, ಬೇವು, ಮೆಂಥಾಲ್ ತಂಪು ಎಂದೆಲ್ಲ ಹೇಳುವ ಪ್ಯಾಡ್ ಸೂಕ್ಷ್ಮ ಚರ್ಮದವರಿಗೆ ಬೇಡ. ಮೆಂಥಾಲ್ ಕೊಡುವ ತಂಪು ಒಡೆದ ಚರ್ಮದ ಮೇಲೆ ಉರಿಯಾಗುತ್ತದೆ, ಗಿಡಮೂಲಿಕೆ ಸತ್ವಗಳಿಗೂ ಅಲರ್ಜಿ ಆಗುತ್ತದೆ. ‘ಸಾವಯವ ಹತ್ತಿ’ ಎಂದಿದ್ದರೆ ಮೇಲ್ಪದರ ಮಾತ್ರವೋ ಒಡಲೂ ಹೌದೋ ಎಂದು ಓದಿ. ಯಾವುದಾದರೂ ತಳದಲ್ಲಿ ಅಂಟು ಇದ್ದೇ ಇರುತ್ತದೆ.

ಹೊಸ ಪ್ಯಾಡ್ ತಂದಾಗ ಒಂದನ್ನು ಬಿಚ್ಚಿ ಮೂಸಿ ನೋಡುವುದು, ಮೊಣಕೈ ಒಳಬದಿಯಲ್ಲಿ ಅಂಚನ್ನು ಹತ್ತಿಪ್ಪತ್ತು ಸಲ ಎಳೆದು ನೋಡುವುದು ಒಳ್ಳೆಯದು. ಅಲ್ಲಿ ಚುಚ್ಚಿದ ಅಂಚು ತೊಡೆಯಲ್ಲಿ ಚುಚ್ಚದೆ ಇರುವುದಿಲ್ಲ.

ಬಟ್ಟೆ ಪ್ಯಾಡ್‌ನ ಮಾತೂ ಬಂತು. ಅಂಟಿಲ್ಲ, ಪ್ಲಾಸ್ಟಿಕ್ ಮೇಲ್ಪದರವಿಲ್ಲ ಎಂಬುದು ಅದರ ಲಾಭ. ತೇವ ಹಿಡಿದಿಡುವ ವಿಷಯದಲ್ಲಿ ಅದು ಪೂರ್ತಿ ಹತ್ತಿ ಪ್ಯಾಡ್‌ನ ಸಾಲಿಗೇ ಸೇರುತ್ತದೆ. ಆಕೆಯ ಚರ್ಮಕ್ಕೆ ಮೂರು ಗಂಟೆಗೊಮ್ಮೆ ಬದಲಿಸಬೇಕಾದೀತು. ತಣ್ಣೀರಿನಲ್ಲೇ ಮೊದಲು ತೊಳೆಯಬೇಕು, ಬಿಸಿನೀರಿನಲ್ಲಿ ಕಲೆ ಕಚ್ಚಿಕೊಳ್ಳುತ್ತದೆ. ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ, ಒಳಪದರವೂ ಒಣಗುವವರೆಗೆ ಬಿಸಿಲಿನಲ್ಲಿ ಹಾಕಬೇಕು. ಬಟ್ಟೆಯಲ್ಲಿ ಉಳಿದ ಸೋಪು ಅದೇ ಉರಿಯನ್ನು ಮತ್ತೆ ತರುತ್ತದೆ. ಮುಟ್ಟಿನ ಕಪ್ ಹೊರಚರ್ಮಕ್ಕೆ ತಾಗುವುದೇ ಕಡಿಮೆ, ಹಾಗಾಗಿ ಹೊರತುಟಿಯ ದದ್ದಿಗೆ ಅದು ನಿಜವಾದ ಪರ್ಯಾಯ. ಚರ್ಮ ಕೆರಳಿರುವಾಗ ಮೊದಲ ಸಲ ಪ್ರಯತ್ನಿಸುವುದು ಬೇಡ, ನೋವಾಗುತ್ತದೆ.

ಮುಂದಿನ ತಿಂಗಳುಗಳು

ನಾಲ್ಕನೇ ಚಕ್ರ ಸುಗಮವಾಗಿ ಕಳೆಯಿತು. ಐದನೆಯದರಲ್ಲಿ ಎರಡನೇ ದಿನವೇ ಮುಂಭಾಗದಲ್ಲಿ ಉರಿ ಕಾಣಿಸಿತು. ಪೊಟ್ಟಣ ಅದೇ ಬಣ್ಣ, ಅದೇ ಹೆಸರು, ಮೂಲೆಯಲ್ಲಿ ‘ಹೊಸದು’ ಎಂಬ ಪಟ್ಟಿ. ಬಿಚ್ಚಿ ನೋಡಿದರೆ ಮೇಲ್ಪದರ ಬದಲಾಗಿತ್ತು, ಸಣ್ಣಗೆ ಸುವಾಸನೆಯೂ ಇತ್ತು. ಪ್ಯಾಡ್ ಬದಲಿಸಿ ಬಟಾಣಿಯಷ್ಟು ಜೆಲ್ಲಿ ಹಚ್ಚಿದ ಮೇಲೆ ಎರಡು ದಿನಕ್ಕೆ ತಗ್ಗಿತು, ಮುಲಾಮು ಬೇಕಾಗಲಿಲ್ಲ. ಅಂದಿನಿಂದ ಚೆನ್ನಾಗಿ ಒಗ್ಗಿದ ಪೊಟ್ಟಣದ ಒಂದು ಪ್ಯಾಡ್ ಮತ್ತು ಹೊದಿಕೆಯನ್ನು ಎತ್ತಿಟ್ಟುಕೊಂಡು, ಹೊಸ ಪೊಟ್ಟಣ ಬಂದಾಗ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ.

ರಾತ್ರಿಯ ಸಮಸ್ಯೆ ಮಾತ್ರ ಪೂರ್ತಿ ಬಗೆಹರಿದಿಲ್ಲ. ಎರಡನೇ ದಿನದ ರಾತ್ರಿ ಏಳೆಂಟು ಗಂಟೆ ಒಂದೇ ಪ್ಯಾಡ್ ತಡೆಯಬೇಕು, ಆ ರಾತ್ರಿಗೆ ಹತ್ತಿ ಮೇಲ್ಪದರ ಸಾಲುವುದಿಲ್ಲ. ಸದ್ಯದ ಏರ್ಪಾಡು ಹೀಗಿದೆ: ಆ ಒಂದು ರಾತ್ರಿಗೆ ಹೆಚ್ಚು ಜೆಲ್ ಇರುವ, ಸುಗಂಧವಿಲ್ಲದ ಜಾಲರಿ ಪ್ಯಾಡ್. ಮಲಗಿದಾಗ ಕೂತಷ್ಟು ಒತ್ತಡವಿಲ್ಲ, ನಡಿಗೆಯ ತಿಕ್ಕಾಟವೂ ಇಲ್ಲ, ಹಾಗಾಗಿ ಜಾಲರಿಯ ಅವಗುಣ ಅಷ್ಟಾಗಿ ಕಾಡುವುದಿಲ್ಲ. ಒಣಗಿರುವ ಗುಣ ಉಪಯೋಗಕ್ಕೆ ಬರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ತೆಗೆದು, ನೀರಿನಿಂದ ತೊಳೆದು, ಚರ್ಮ ಒಣಗಲು ಹತ್ತು ನಿಮಿಷ ಬಿಟ್ಟು ಹತ್ತಿ ಮೇಲ್ಪದರದ ಪ್ಯಾಡ್ ಹಾಕಿಕೊಳ್ಳುತ್ತಾರೆ.

ಯಾವಾಗ ಮರಳಿ ಬರಬೇಕು ಎಂಬುದನ್ನೂ ಬರೆದು ಕೊಡಲಾಗಿದೆ. ಪ್ಯಾಡ್ ತಾಗದೆ ಎರಡು ವಾರವಾದರೂ ದದ್ದು ಮಾಯದಿದ್ದರೆ; ಚರ್ಮ ಬಿಳುಚಿ ಕಾಗದದಂತೆ ಸುಕ್ಕಾದರೆ; ಗುಂಪುಗುಂಪಾಗಿ ನೀರುಗುಳ್ಳೆ ಎದ್ದರೆ, ಹುಣ್ಣಾದರೆ; ಕೀವು, ಜ್ವರ, ದುರ್ವಾಸನೆಯ ಸ್ರಾವ ಬಂದರೆ; ಒಂದೆರಡು ಗಂಟೆಗೇ ಪ್ಯಾಡ್ ತುಂಬುವಷ್ಟು ಸ್ರಾವವಾದರೆ. ಹಾಗಾದಾಗ ಇನ್ನೊಂದು ಬಗೆಯ ಪ್ಯಾಡ್ ಹುಡುಕುತ್ತ ಮುಂದಿನ ಮುಟ್ಟಿನವರೆಗೆ ಕಾಯದೆ ವೈದ್ಯರಿಗೆ ತೋರಿಸಬೇಕು.